ಓನಾಗಾ ತಲೆಗೆ ಬಡಿದ ಮೇಲೆ

ಕಾವಾಸಾಕಿ
16 ಮೇ 2020

ನಾರಾಯಣನಿಗೆ,

ಬರೆಯಲು ಕೈ ಬರುತ್ತಿಲ್ಲ. ನಿನ್ನ ಅಣ್ಣ ಗುರುವಾರ ಬೆಳಗಿನ ಜಾವ ಹೋಗಿಬಿಟ್ಟರು. ಇದೇ ಹಾಳು ಕೊರೋನಾ. ಆರು ದಿನ ಜ್ವರ, ಏಳನೆಯ ದಿನ ಆಸ್ಪತ್ರೆ, ಅಷ್ಟೆ. ಮುಖ ನೋಡಲೂ ಬಿಡಲಿಲ್ಲ. ಆಸ್ಪತ್ರೆಯವರೇ ಎಲ್ಲ ಮುಗಿಸಿ ಅಸ್ಥಿಯ ಬಿಳಿಯ ಭರಣಿಯೊಂದನ್ನು ಬಟ್ಟೆಯಲ್ಲಿ ಕಟ್ಟಿ ಬಾಗಿಲಿಗೆ ತಂದುಕೊಟ್ಟರು.

ನೀನು ಹೊರಟು ಬರಬೇಡ. ಬಂದು ನೋಡುವುದಕ್ಕೆ ಏನೂ ಉಳಿದಿಲ್ಲ. ಒಂಬತ್ತು ವರ್ಷದಿಂದ ನಿಮ್ಮಿಬ್ಬರಿಗೆ ಮಾತಿಲ್ಲ, ನಿಜ. ಆದರೂ ಒಡಹುಟ್ಟಿದವನಿಗೆ ತಿಳಿಸದೆ ಇರುವುದು ಹೇಗೆ? ಇದ್ದಲ್ಲೇ ಎರಡು ಹನಿ ಕಣ್ಣೀರು ಹಾಕು. ಅಷ್ಟು ಸಾಕು. ಓದಿದ ಮೇಲೆ ಈ ಕಾಗದ ಹರಿದುಬಿಡು.

ಅತ್ತಿಗೆ,
ರತ್ನಾ


ಕಾವಾಸಾಕಿ
20 ಮೇ 2020

ನಾಣಿ,

ಮೊದಲು ಕೂತುಕೋ. ಕೂತೆಯಾ? ಇದು ನಾನು, ಪದ್ಮನಾಭ. ಅಕ್ಷರ ನೋಡು, ಮೂರನೆಯ ಕ್ಲಾಸಿನಿಂದ ನಿನ್ನ ಮನೆಪಾಠ ತಿದ್ದಿದ ಅದೇ ವಕ್ರ ಅಕ್ಷರ. ನಾನು ಸತ್ತಿಲ್ಲ. ಜ್ವರ ಬಂದಿಲ್ಲ, ಸೀನು ಕೂಡ ಬಂದಿಲ್ಲ. ಮೊನ್ನೆ ನಿನಗೆ ಬಂದ ಕಾಗದ ಸುಳ್ಳು. ಬರೆದವಳು ನಿನ್ನ ಅತ್ತಿಗೆ, ಬರೆಸಿದವನು ನಾನು, ಕಾರಣ ಒಂದು ಹಕ್ಕಿ.

ಬೈಯುವ ಮುಂಚೆ ಕೇಳು. ಶುಕ್ರವಾರ ಬೆಳಿಗ್ಗೆ ನಮ್ಮ ಹೋಟೆಲಿನ ಕಸ ಹಾಕಲು ಹೋಗಿದ್ದೆ. ಮೂಲೆಯ ಮರದ ಕೆಳಗೆ, ಕಾಗೆ ಎಳೆಯಬಾರದೆಂದು ಮೇಲೆ ಬಲೆ ಹೊದಿಸುತ್ತಾರಲ್ಲ, ಅದೇ ಜಾಗ. ಬಗ್ಗಿ ಬಲೆ ಎತ್ತುತ್ತಿದ್ದೇನೆ, ಹಿಂದಿನಿಂದ ಬಂದು ಬಡಿಯಿತು ನೋಡು ನೆತ್ತಿಗೆ! ಕರಿಟೋಪಿ, ಬೂದಿ ಮೈ, ನೀಲಿ ರೆಕ್ಕೆ, ಮೈಗಿಂತ ಉದ್ದದ ಬಾಲ. ಇಲ್ಲಿಯವರು ಓನಾಗಾ ಅನ್ನುತ್ತಾರೆ, ಮ್ಯಾಗ್‌ಪೈ ಜಾತಿ. ನೋಡಲು ರಾಜಕುಮಾರಿ, ಬಾಯಿ ಬಿಟ್ಟರೆ ತುಕ್ಕು ಹಿಡಿದ ಗೇಟು. ಮರದಲ್ಲಿ ಮರಿ ಇಟ್ಟಿತ್ತಂತೆ, ಅದರ ಸಂಸಾರ ಅದಕ್ಕೆ. ನಿನ್ನ ಅತ್ತಿಗೆ ಕಿಟಕಿಯಿಂದ ಎಲ್ಲ ನೋಡಿಬಿಟ್ಟಳು.

"ಏನ್ರೀ ಅದು, ಕಾಗೆ ತಲೆಗೆ ಬಡೀತಾ?"

"ಕಾಗೆ ಅಲ್ಲ ಕಣೇ, ಓನಾಗಾ. ನೀಲಿ ರೆಕ್ಕೆ ಕಾಣ್ಲಿಲ್ವಾ?"

"ಬಣ್ಣ ಬಳ್ಕೊಂಡ್ರೆ ಕಾಗೆ ಬೇರೆ ಜಾತಿ ಆಗುತ್ತಾ? ಈಗ ತಾನೇ ಫೋನಲ್ಲಿ ಹುಡುಕ್ದೆ. ಅದೂ ಕಾಗೆ ಮನೆತನಾನೇ."

ಅಲ್ಲಿಗೆ ನನ್ನ ವಾದ ಮುಗಿಯಿತು. ಕಾಗೆ ತಲೆ ಮುಟ್ಟಿದರೆ ಮನೆಯಲ್ಲಿ ಏನು ಮಾಡುತ್ತಿದ್ದರು, ನಿನಗೂ ಗೊತ್ತು. ಸೋದರಮಾವ ಹೋದರೆಂದು ಕಾರ್ಡು ಬಂದು ಅಮ್ಮ ದಿನವಿಡೀ ಎದೆ ಬಡಿದುಕೊಂಡು ಅತ್ತದ್ದು ನೆನಪಿದೆಯಾ? ಮೂರನೆಯ ದಿನ ಎರಡನೆಯ ಕಾರ್ಡು: 'ಕಾಗೆ ಮುಟ್ಟಿತ್ತು, ದೋಷ ಕಳೆಯಿತು, ಕ್ಷೇಮ.' ಬೈಯುತ್ತಲೇ ನಕ್ಕು, ಅಮ್ಮ ಪಾಯಸ ಮಾಡಿದ್ದಳು. ಸತ್ತರೆಂಬ ಸುಳ್ಳು ಸುದ್ದಿಗೆ ಒಬ್ಬರು ನಿಜವಾಗಿ ಅತ್ತರೆ ಸಾವು ಬಂದು ಹೋದ ಲೆಕ್ಕ. ನನಗೆ ಇದರಲ್ಲಿ ನಂಬಿಕೆ ಇದೆಯೇ ಎಂದು ಕೇಳಬೇಡ. ಬೇರೆ ವರ್ಷವಾಗಿದ್ದರೆ ನಕ್ಕುಬಿಡುತ್ತಿದ್ದೆ. ಈ ವರ್ಷ ನಗು ಬರಲಿಲ್ಲ.

ಸರಿ, ಯಾರನ್ನು ಅಳಿಸುವುದು? ಊರಿಗೆ ಏರ್‌ಮೇಲ್ ನಿಂತಿದೆ. ಫೋನಿನಲ್ಲಿ ಹೇಳಿದರೆ ದನಿಯಲ್ಲೇ ಸುಳ್ಳು ಸಿಕ್ಕಿಬೀಳುತ್ತದೆ. ಸಿಕ್ಕಿಬೀಳದಿದ್ದರೆ ಇನ್ನೂ ಕಷ್ಟ, ಊಟದ ಹೊತ್ತಿಗೆ ವಾಟ್ಸಾಪಿನಲ್ಲಿ ನನ್ನ ಫೋಟೋಕ್ಕೆ ಹಾರ ಬಿದ್ದಿರುತ್ತದೆ. ಕಾಗದವೇ ಆಗಬೇಕು, ಜಪಾನಿನೊಳಗೇ ಆಗಬೇಕು. ಹೊಸ ವರ್ಷಕ್ಕೆ ನೀನು ರತ್ನಾಳ ಹೆಸರಿಗೆ ಕಳಿಸುವ ಅಚ್ಚಿನ ಕಾರ್ಡಿನ ಮೇಲೆ ವಿಳಾಸ ಇತ್ತು. ಯೋಚಿಸಿದೆ: ಎರಡು ಹನಿ ಹಾಕುವಷ್ಟು ಹತ್ತಿರದವನು, ಕುಸಿದು ಬೀಳದಷ್ಟು ದೂರದವನು. ಬರೋಬ್ಬರಿ ನೀನೇ.

ಇಲ್ಲಿ ಪಾರ್ಸೆಲ್ ಒಯ್ಯಲು ಬರುವ ಇಂಗ್ಲಿಷ್ ಮೇಷ್ಟರೊಬ್ಬರು ಬೇರೆ ಹೆದರಿಸಿದರು. ಅವರ ದೇಶದಲ್ಲಿ ಮ್ಯಾಗ್‌ಪೈ ಒಂಟಿಯಾಗಿ ಕಂಡರೆ ಕೇಡು, ಜೋಡಿ ಕಂಡರೆ ಶುಭವಂತೆ. ಒಂಟಿ ಕಂಡರೆ ಸಲಾಮು ಹೊಡೆದು "ಹೆಂಡತಿ ಚೆನ್ನಾಗಿದ್ದಾರಾ?" ಎಂದು ಕೇಳಿಬಿಡಬೇಕಂತೆ. ಹಾಲಿನ ಪುಸ್ತಕದ ಹಿಂದೆ ಲೆಕ್ಕ ಇಡುತ್ತಿದ್ದೇನೆ. ಸೋಮವಾರ ಎರಡು, ಮಂಗಳವಾರ ಒಂದು. ಸಲಾಮೂ ಹೊಡೆದೆ. ಎದುರು ಮನೆಯ ಅಜ್ಜಿ ತನಗೇ ಎಂದುಕೊಂಡು ಬಗ್ಗಿ ನಮಸ್ಕರಿಸಿದರು.

ನಿನ್ನ ಮುನಿಸಿನ ಬಗ್ಗೆಯೂ ಒಂದು ಮಾತು. ಭೂಕಂಪದ ವರ್ಷ ನೀನು ತ್ಸುಕುಬಾದ ಕೆಲಸ ಬಿಟ್ಟು ಆ ದೂರದ ಸಾಗಾ ಸೀಮೆಗೆ ಹೊರಟಾಗ ನಾನು "ಪುಕ್ಕಲ" ಅಂದೆ. ಒಂದು ಶಬ್ದಕ್ಕೆ ಒಂಬತ್ತು ವರ್ಷ ದುಬಾರಿಯಾಯಿತು. ಬಿಟ್ಟುಬಿಡು. ಅತ್ತಿದ್ದರೆ ಒಂದು ಸಾಲು ಬರಿ, ರತ್ನಾ ದಿನಾ ಕೇಳುತ್ತಾಳೆ, "ಅತ್ತಿರ್ತಾನಾ?" ಅಂತ.

ನಿನ್ನ ಅಣ್ಣ,
ಪದ್ಮನಾಭ


ಫುಕುವೋಕಾ, ಆಸ್ಪತ್ರೆ
21 ಮೇ 2020

ಅತ್ತಿಗೆ,

ನಿಮ್ಮ ಕಾಗದ ಸೋಮವಾರ ಸಿಕ್ಕಿತು. ಬರಬೇಡ ಎಂದಿದ್ದಿರಿ, ಹೊರಟೆ. ಹೋಟೆಲಿನ ಫೋನಿಗೆ ಮೂರು ಸಲ ಮಾಡಿದೆ, ಯಾರೂ ಎತ್ತಲಿಲ್ಲ. ಸಾವಿನ ಮನೆ, ಎತ್ತುವ ಮನಸ್ಸು ಯಾರಿಗಿರುತ್ತದೆ ಎಂದುಕೊಂಡೆ. ಮಂಗಳವಾರ ಇಲ್ಲಿನ ವಿಮಾನ ನಿಲ್ದಾಣದಲ್ಲಿ ಜ್ವರ ಅಳೆಯುವ ಕ್ಯಾಮೆರಾದ ಮುಂದೆ ನನ್ನ ಮುಖ ಕೆಂಪಗೆ ಕಾಣಿಸಿತು. ನಾಲ್ಕು ದಿನದಿಂದ ಮೈ ಬಿಸಿಯಿತ್ತು. ಪಿಂಗಾಣಿ ಕಾರ್ಖಾನೆಯಲ್ಲಿ ಭಟ್ಟಿ ನೋಡಿಕೊಳ್ಳುವವನು ನಾನು, ಭಟ್ಟಿಯ ಕಾವು ಎಂದುಕೊಂಡಿದ್ದೆ. ಅಲ್ಲ. ಅಣ್ಣನಿಗೆ ಬಂದದ್ದೇ ನನಗೂ ಬಂದಿದೆ.

ಮೂಗಿಗೆ ನಳಿಗೆ ಹಾಕಿದ್ದಾರೆ. ಮಾತಾಡಿದರೆ ಉಸಿರು ಸಾಲದು, ಅದಕ್ಕೇ ಬರೆಯುತ್ತಿದ್ದೇನೆ. ಈ ಕೋಣೆಯಿಂದ ಒಂದು ಚೂರು ಕಾಗದವೂ ಹೊರಗೆ ಹೋಗುವ ಹಾಗಿಲ್ಲವೆಂದು ನರ್ಸ್ ಹೇಳಿದರು. ನಾನು ಎದ್ದು ಹೊರಟರೆ ಆಮೇಲೆ ಅಂಚೆಗೆ ಹಾಕುತ್ತೇನೆ.

ಸೂತಕದ ಸ್ನಾನ ಕೇಳಿದೆ, ಬಿಡಲಿಲ್ಲ. ಇಲ್ಲಿಯ ಊಟದಲ್ಲಿ ಅನ್ನದ ಮೇಲೆ ಕರಿಎಳ್ಳು ಉದುರಿಸಿರುತ್ತಾರೆ. ಒಂದೊಂದೇ ಆರಿಸಿ, ಲೋಟದ ನೀರಿನಲ್ಲಿ ಹಾಕಿ, ಅಣ್ಣನ ಹೆಸರಿನಲ್ಲಿ ಊಟದ ತಟ್ಟೆಗೇ ಬಿಟ್ಟೆ. ತಪ್ಪಿದ್ದರೆ ಅವನು ಕ್ಷಮಿಸಲಿ.

ಅವನಿಗೆ ಹೇಳದೆ ಉಳಿಸಿಕೊಂಡದ್ದನ್ನು ನಿಮಗೆ ಹೇಳುತ್ತೇನೆ. ನಾನು ಮಾತು ಬಿಟ್ಟದ್ದು 'ಪುಕ್ಕಲ' ಅಂದದ್ದಕ್ಕಲ್ಲ. ಭೂಕಂಪವಾಗಿ ಐದನೆಯ ದಿನ ನಾನು ತ್ಸುಕುಬಾದಿಂದ ಸೈಕಲ್ ತುಳಿದುಕೊಂಡು ಕಾವಾಸಾಕಿಗೆ ಬಂದಿದ್ದೆ. ಬೆಳಿಗ್ಗೆ ಹೊರಟವನು ತಲುಪಿದಾಗ ಸಂಜೆ. ಹಿಂದೆ ಅಕ್ಕಿ, ನೀರಿನ ಬಾಟಲಿ, ಟಾರ್ಚಿನ ಸೆಲ್ಲು ಕಟ್ಟಿಕೊಂಡಿದ್ದೆ, ನಿಮಗೆ ಅಂತ. ಶಟರ್ ಎಳೆದಿತ್ತು. ನೀವಿಬ್ಬರೂ ಒಳಗೆ ಬಿದ್ದಿದ್ದೀರಿ ಎಂದುಕೊಂಡು ಕೈ ನೋಯುವಷ್ಟು ಬಡಿದೆ. ಪಕ್ಕದ ಅಂಗಡಿಯವರು ಬಂದು, "ನಿನ್ನೆಯೇ ಎರಡು ಸೂಟ್‌ಕೇಸ್ ಹಿಡಿದು ಇಂಡಿಯಾದ ವಿಮಾನ ಹತ್ತಲು ಹೋದರಲ್ಲ, ನಿಮಗೆ ಹೇಳಲಿಲ್ಲವೇ?" ಎಂದರು. ನಾಚಿಕೆಯಾಗಿ "ಹೇಳಿದ್ದರು, ಮರೆತೆ" ಎಂದೆ. ಅಕ್ಕಿ ಅವರಿಗೇ ಕೊಟ್ಟು ವಾಪಸಾದೆ.

ಇಷ್ಟೇ. ಈಗ ಯಾರ ಮೇಲೆ ಕೋಪ ಮಾಡಲಿ?

ನಿಮ್ಮ,
ನಾರಾಯಣ


ಕಾವಾಸಾಕಿ
30 ಮೇ 2020

ನಾಣಿ,

ಹತ್ತು ದಿನವಾಯಿತು. ಬೈದಾದರೂ ಬರೆಯುತ್ತೀಯ ಎಂದುಕೊಂಡಿದ್ದೆ. ನಿನ್ನ ಬೈಗುಳ ನನಗೆ ಗೊತ್ತಿದೆ, ಒಂದು ಕಾರ್ಡಿನಲ್ಲಿ ಹಿಡಿಸುವಂಥದ್ದೇ.

ಇಲ್ಲಿ ತುರ್ತುಸ್ಥಿತಿ ತೆಗೆದರು. ಎಂಟು ಕುರ್ಚಿಯಲ್ಲಿ ನಾಲ್ಕಕ್ಕೆ ಅಡ್ಡಪಟ್ಟಿ ಕಟ್ಟಿ ಹೋಟೆಲು ತೆರೆದಿದ್ದೇನೆ. ದೋಸೆ ಹುಯ್ಯುತ್ತೇನೆ, ಬಾಗಿಲ ಕಡೆ ನೋಡುತ್ತೇನೆ. ಅಂಚೆಯವನು ಬಂದರೆ ದೋಸೆ ಸೀಯುತ್ತದೆ.

ಹೋದ ಕಾಗದದಲ್ಲಿ ಒಂದು ವಿಷಯ ಬರೆಯಲಿಲ್ಲ. ಹದಿನೆಂಟರಂದು ಎರಡು ಸಲ, ಹತ್ತೊಂಬತ್ತರ ಬೆಳಿಗ್ಗೆ ಒಂದು ಸಲ ಹೋಟೆಲಿನ ಫೋನು ಹೊಡೆದುಕೊಂಡಿತು. ನಂಬರು ತೋರಿಸದ ಹಳೆಯ ಫೋನು. "ಎತ್ತಬೇಡ್ರೀ, ಅವನೇ ಇರ್ಬೇಕು. ಮೂರು ದಿನ ತುಂಬ್ಲಿ, ಇಲ್ದಿದ್ರೆ ಅತ್ತಿದ್ದೂ ದಂಡ" ಎಂದಳು ರತ್ನಾ. ಅವಳ ಮೇಲೆ ಹಾಕುವುದೇಕೆ, ಕೈ ನನ್ನದು. ಫೋನಿನ ಪಕ್ಕದಲ್ಲೇ ನಿಂತಿದ್ದೆ. ಕೊನೆಯ ಸಲ ಹದಿನೇಳು ಸಲ ಹೊಡೆಯಿತು. ಎಣಿಸಿದೆ. ಎತ್ತಲಿಲ್ಲ.

ನೀನಲ್ಲ, ಯಾವುದೋ ಇನ್ಶೂರೆನ್ಸಿನವನು ಎಂದು ಬರೆದುಬಿಡು ಮಾರಾಯ. ಸುಳ್ಳಾದರೂ ಪರವಾಗಿಲ್ಲ.

ಇವತ್ತು ಓನಾಗಾ ಒಂದೇ. ನಿನ್ನೆಯೂ ಒಂದೇ.

ಅಣ್ಣ


ಕಾವಾಸಾಕಿ
9 ಜೂನ್ 2020

ನಾಣಿ,

ನಿನ್ನ ಕಾರ್ಖಾನೆಯ ನಂಬರು ಹುಡುಕಿಸಿ ನಾಲ್ಕು ದಿನ ಹೊಡೆದೆ, ಬರೀ ರೆಕಾರ್ಡಿಂಗು. ಇವತ್ತು ಮಾತ್ಸುವೋ ಸಾನ್ ಎಂಬುವರು ಎತ್ತಿದರು. ನಿನ್ನ ಮೇಲಿನವರಂತೆ. ನಾರಾಯಣ ಇದ್ದಾನಾ ಎಂದೆ.

"ಆಸ್ಪತ್ರೆಯಲ್ಲಿದ್ದಾರೆ," ಎಂದರು.

"ಯಾವ ಆಸ್ಪತ್ರೆ?"

"ಸುಮಿಮಾಸೆನ್, ಕ್ಷಮಿಸಬೇಕು. ಅದನ್ನು ಕುಟುಂಬದವರಿಗೆ ಮಾತ್ರ ಹೇಳಬಹುದು."

"ನಾನು ಅವನ ಅಣ್ಣ."

ಆ ಕಡೆಯಿಂದ ಬಹಳ ಮೆತ್ತಗೆ, "ಅವರಿಗೆ ಒಬ್ಬರೇ ಅಣ್ಣ. ಅವರು ಹೋದ ತಿಂಗಳು ತೀರಿಕೊಂಡರು. ಆ ದುಃಖಕ್ಕೆ ಹೊರಟಾಗಲೇ ಇವರಿಗೆ ಹೀಗಾಯಿತು" ಎಂದರು.

"ಸುಮಿಮಾಸೆನ್, ಆ ಸತ್ತವನು ನಾನೇ," ಎಂದೆ.

ನನ್ನ ಇಪ್ಪತ್ತಾರು ವರ್ಷದ ಜಪಾನೀಸಿನಲ್ಲಿ ಈ ವಾಕ್ಯ ಯಾವತ್ತೂ ಬೇಕಾಗಿರಲಿಲ್ಲ. ಹಕ್ಕಿ, ಕಾಗೆ ಮನೆತನ, ಕಣ್ಣೀರು, ಎಲ್ಲ ಹೇಳಿದೆ. ಹೇಳಿದಷ್ಟೂ ಕೆಟ್ಟಿತು. 'ನಾನು, ನಾನೇ' ಎಂದು ಮುದುಕರಿಗೆ ಫೋನ್ ಮಾಡಿ ಮೋಸ ಮಾಡುವವರಿದ್ದಾರಲ್ಲ, ಪೊಲೀಸರು ಪ್ರತಿ ಬ್ಯಾಂಕಿನಲ್ಲೂ ಚಿತ್ರ ಅಂಟಿಸಿದ್ದಾರಲ್ಲ, ಮಾತ್ಸುವೋ ಸಾನ್ ನನ್ನನ್ನು ಆ ಜಾತಿಗೆ ಸೇರಿಸಿಬಿಟ್ಟರು. "ದಯವಿಟ್ಟು ಇಂಥ ಕೆಲಸ ಬಿಟ್ಟುಬಿಡಿ, ನಿಮಗೂ ಮನೆಯಲ್ಲಿ ಯಾರಾದರೂ ಇರಬಹುದು" ಎಂದು ಬುದ್ಧಿ ಹೇಳಿ ಇಟ್ಟರು. ಆಮೇಲೆ ಎತ್ತಲಿಲ್ಲ.

ಸಾಗಾದ ಆಸ್ಪತ್ರೆಗಳಿಗೆ ಒಂದೊಂದಾಗಿ ಫೋನ್ ಮಾಡಿದೆ, ಹನ್ನೊಂದು. ಯಾರೂ ಹೇಳುವುದಿಲ್ಲ. ರತ್ನಾ ದೇವರ ಮುಂದೆ ಕೂತವಳು ಎದ್ದಿಲ್ಲ. ನಾನು ಬದುಕಿರಲಿ ಎಂದು ಮಾಡಿದ್ದು ಯಾರ ತಲೆಯ ಮೇಲೆ ಹೋಯಿತು ಎಂದು ಅವಳೂ ಬಾಯಿ ಬಿಟ್ಟು ಹೇಳುತ್ತಿಲ್ಲ, ನಾನೂ ಹೇಳುತ್ತಿಲ್ಲ.

ಹಕ್ಕಿ ಎಣಿಸುವುದು ಬಿಟ್ಟೆ. ಈ ಕಾಗದ ಓದುವುದಕ್ಕೆ ನೀನು ಇರು. ಬೇರೇನೂ ಕೇಳುವುದಿಲ್ಲ.

ಅಣ್ಣ


ಅರಿತಾ, ಸಾಗಾ
14 ಜೂನ್ 2020

ಅಣ್ಣ,

ಇದ್ದೇನೆ.

ನಿನ್ನೆ ಬಿಟ್ಟರು. ಇಪ್ಪತ್ತಾರು ದಿನ. ಮಾತ್ಸುವೋ ಸಾನ್ ತಮ್ಮ ಕಾರಿನಲ್ಲಿ, ನಾಲ್ಕೂ ಕಿಟಕಿ ಇಳಿಸಿ ಕರೆತಂದರು. ದಾರಿಯಲ್ಲಿ ಎಚ್ಚರಿಸಿದರು: "ಒಬ್ಬ ಮೋಸಗಾರ ನಿಮ್ಮ ತೀರಿಕೊಂಡ ಅಣ್ಣನ ಹೆಸರಿನಲ್ಲಿ ಫೋನ್ ಮಾಡಿದ್ದ. ಹುಷಾರು. ಭಾರೀ ಕಸುಬಿನವನು, ನಿಜವಾಗಿ ಅಳುವವನ ಹಾಗೆಯೇ ಅಳುತ್ತಿದ್ದ." ನನಗೆ ಅರ್ಥವಾಗಲಿಲ್ಲ, ಹೌದು ಹೌದು ಎಂದೆ. ಅತ್ತದ್ದನ್ನು ನೀನು ಕಾಗದದಲ್ಲಿ ಬರೆದಿಲ್ಲ.

ಕೆಳಗಿನ ಅಂಚೆಪೆಟ್ಟಿಗೆಯಲ್ಲಿ ಮೂರು ಕಾಗದ. ಮೇಲಿದ್ದದ್ದು ಜೂನ್ ಒಂಬತ್ತರದ್ದು. ಲಕೋಟೆಯ ಮೇಲೆ ನಿನ್ನ ವಕ್ರ ಅಕ್ಷರ. ಸತ್ತವನು ಅಂಚೆಚೀಟಿ ಹಚ್ಚುವುದಿಲ್ಲ ಎನ್ನುವುದು ತಲೆಗೆ ಹೋಗಲು ಬಹಳ ಹೊತ್ತು ಬೇಕಾಯಿತು. ಮೆಟ್ಟಿಲ ಮೇಲೆ ಕೂತು ಮೂರನ್ನೂ ಓದಿದೆ, ಹಿಂದಿನಿಂದ ಮುಂದಕ್ಕೆ.

ನೀನು ನೀಚ. ಇದು ಕಾರ್ಡಿನಲ್ಲಿ ಹಿಡಿಸುತ್ತದೆ, ಆದರೂ ಕಾಗದದಲ್ಲೇ ಬರೆಯುತ್ತಿದ್ದೇನೆ. ಅಳುವಷ್ಟು ಹತ್ತಿರ, ಕುಸಿಯದಷ್ಟು ದೂರ! ಮನುಷ್ಯರನ್ನು ನೀನು ತೂಗುವ ತಕ್ಕಡಿ ಎಂಥದ್ದು? ಹತ್ತು ದಿನ ನಿನಗೆ ಸೂತಕ ಹಿಡಿದೆ. ಆಸ್ಪತ್ರೆಯ ಅನ್ನದಿಂದ ಎಳ್ಳು ಆರಿಸಿ ನಿನಗೆ ನೀರು ಬಿಟ್ಟೆ. ಹೊಟ್ಟೆ ತುಂಬಿತ್ತೇ?

ಡಾಕ್ಟರು ಹೇಳಿದ್ದನ್ನೂ ಬರೆಯುತ್ತೇನೆ, ಹೇಗೂ ನೀನು ಕೆದಕಿ ಕೇಳುತ್ತೀಯ. ಇನ್ನೆರಡು ದಿನ ಒಬ್ಬನೇ ಮನೆಯಲ್ಲಿ ಮಲಗಿದ್ದರೆ ಕಷ್ಟವಿತ್ತಂತೆ. ಕ್ಯಾಮೆರಾದ ಮುಂದೆ ಹಾದುಹೋದದ್ದೇ ಉಳಿಸಿತಂತೆ. ನಿನ್ನ ಸುಳ್ಳಿಗೆ ಹೊರಟೆ, ಹೊರಟದ್ದಕ್ಕೆ ಉಳಿದೆ. ಇದನ್ನು ನಿನ್ನ ಲೆಕ್ಕಕ್ಕೆ ಜಮಾ ಮಾಡಿಕೊಂಡು ಗಿರಾಕಿಗಳ ಮುಂದೆ ಹೇಳಿಕೊಂಡು ತಿರುಗಿದರೆ ಮತ್ತೆ ಒಂಬತ್ತು ವರ್ಷ ಮಾತಾಡುವುದಿಲ್ಲ. ಹಕ್ಕಿಗೆ ಬೇಕಾದರೆ ಕೊಡು.

ಹಕ್ಕಿಯ ಬಗ್ಗೆ ಅತ್ತಿಗೆಗೆ ಹೇಳು. ಇಲ್ಲಿಯ ಮ್ಯಾಗ್‌ಪೈ ನಿಮ್ಮ ನೀಲಿಯದಲ್ಲ, ಕರಿಬಿಳಿ. ಪ್ರತಿ ಎರಡನೆಯ ಕರೆಂಟು ಕಂಬದ ಮೇಲೆ ಅದರ ಗೂಡು. ಬಟ್ಟೆ ನೇತುಹಾಕುವ ತಂತಿಯನ್ನೂ ಕದ್ದು ಕಟ್ಟುತ್ತದೆ. ಕರೆಂಟಿನವರು ಬಯ್ಯುತ್ತ ತೆಗೆಯುತ್ತಾರೆ, ಅದು ಕಟ್ಟುತ್ತದೆ. ಇಲ್ಲಿಯವರು ಅದರ ಹೆಸರಿನಲ್ಲೇ ಕಾಗೆ ಎಂಬ ಮಾತು ಸೇರಿಸಿದ್ದಾರೆ, ಆದರೂ ಅದು ಕೂಗಿದರೆ ಒಳ್ಳೆಯದು ಅನ್ನುತ್ತಾರೆ. ನಿನ್ನ ತಲೆಗೆ ಬಡಿದದ್ದು ಈ ಊರಿನಲ್ಲಾಗಿದ್ದರೆ ಮಾತ್ಸುವೋ ಸಾನ್ ನಿನ್ನನ್ನು ಕೈಹಿಡಿದು ಲಾಟರಿ ಅಂಗಡಿಗೆ ಕರೆದೊಯ್ಯುತ್ತಿದ್ದರು. ಊರೂರಿಗೆ ದೋಷ ಬೇರೆ.

ಅತ್ತಿಗೆ ದಿನಾ ಕೇಳುತ್ತಾರೆ ಎಂದೆಯಲ್ಲ, ನಾನು ಅತ್ತಿರುತ್ತೇನೆಯೇ ಎಂದು. ಇಲ್ಲ. ನೀನು ಸತ್ತೆ ಎಂದು ಓದಿದಾಗ ಒಂದು ಹನಿಯೂ ಬರಲಿಲ್ಲ. ಬಟ್ಟೆ ತುಂಬಿದೆ, ಗ್ಯಾಸು ಆರಿಸಿದೆ, ಹೊರಟೆ. ಆಸ್ಪತ್ರೆಯಲ್ಲೂ ಬರಲಿಲ್ಲ. ಎಂಥ ಕಲ್ಲು ನಾನು ಎಂದು ನನಗೇ ಹೇಸಿಗೆಯಾಗಿತ್ತು. ನಿನ್ನೆ ಮೆಟ್ಟಿಲ ಮೇಲೆ, ನೀನು ಬದುಕಿದ್ದೀಯ ಎಂದು ಗೊತ್ತಾದ ಮೇಲೆ ಅತ್ತೆ. ಮೇಲಿನ ಮನೆಯಾಕೆ ಇಳಿದು ಬಂದು, ದೂರ ನಿಂತು, ಟಿಶ್ಯೂ ಪೇಪರಿನ ಡಬ್ಬವನ್ನು ನೆಲದ ಮೇಲೆ ನನ್ನ ಕಡೆಗೆ ತಳ್ಳಿದಳು. ಅರ್ಧ ಡಬ್ಬ ಮುಗಿಯಿತು. ಶಾಸ್ತ್ರದಲ್ಲಿ ಇದು ನಡೆಯುತ್ತದೋ ಇಲ್ಲವೋ ಅತ್ತಿಗೆಯನ್ನೇ ಕೇಳು.

ಆಸ್ಪತ್ರೆಯಲ್ಲಿ ಅವರಿಗೆ ಬರೆದ ಕಾಗದ ಇದರ ಜೊತೆ ಇದೆ. ಪ್ಲಾಸ್ಟಿಕ್ ಚೀಲದಲ್ಲಿ ಮೂರು ದಿನ ಕಟ್ಟಿಟ್ಟು ಕೊಟ್ಟರು. ಹರಿಯೋಣ ಎಂದುಕೊಂಡೆ. ನೀನೂ ಓದು.

ನಾರಾಯಣ


ಕಾವಾಸಾಕಿ
17 ಜೂನ್ 2020

ನಾಣಿ,

ನಿನ್ನ 'ಇದ್ದೇನೆ' ಓದಿ ರತ್ನಾಗೆ ಕೂಗಿ ಹೇಳಿದೆ. ಅವಳು ಒಲೆಯ ಮೇಲೆ ಎಣ್ಣೆ ಬಿಟ್ಟು ಬಂದಳು. ಎರಡು ವಡೆ ಕಪ್ಪಗಾದವು, ನಾಲ್ಕು ಕುರ್ಚಿಯ ಗಿರಾಕಿಗಳೂ ಏನೋ ಶುಭವೆಂದು ಚಪ್ಪಾಳೆ ತಟ್ಟಿದರು. ನಡೆಯುತ್ತಂತೆ, ನಿನ್ನ ಅಳು. "ಕಣ್ಣೀರು ಕಣ್ಣೀರೇ. ಯಾಕೆ ಬಂತು ಅಂತ ದೋಷ ಕೇಳಲ್ಲ" ಅನ್ನುತ್ತಾಳೆ. ತಾನು ಬರೆದದ್ದಕ್ಕೆ ನಿನ್ನ ಕಾಲು ಹಿಡಿಯುತ್ತಾಳಂತೆ. ಬೇಡ ಅನ್ನು, ಮಂಡಿನೋವಿದೆ.

ಒಳಗಿದ್ದ ಕಾಗದ ಓದಿದೆ. ಒಬ್ಬನೇ ಓದಿದೆ.

ಭೂಕಂಪದಲ್ಲಿ ಫೋನ್ ಲೈನು ಸತ್ತಿತ್ತು, ಅದಕ್ಕೇ ನಾಣಿಗೆ ಹೇಳಲಾಗಲಿಲ್ಲ: ಎಲ್ಲರಿಗೂ ಹೀಗೇ ಹೇಳಿಕೊಂಡು ಬಂದೆ, ರತ್ನಾಗೂ ಸೇರಿಸಿ. ಮೊದಲ ಎರಡು ದಿನ ಸತ್ತಿತ್ತು. ನಾವು ಹೊರಡುವ ದಿನ ಇತ್ತು. ಸಿಕ್ಕಿದ್ದು ಎರಡೇ ಸೀಟು. ಫೋನ್ ಮಾಡಿದರೆ ನೀನು "ನಾನು?" ಎಂದು ಕೇಳುತ್ತೀಯ. ನಿನ್ನನ್ನು ಈ ದೇಶಕ್ಕೆ ಕರೆತಂದವನೇ ನಾನು. ಫೋನ್ ಎತ್ತಿ ಕೆಳಗಿಟ್ಟೆ. ಊರಿಂದ ಮರಳಿದ ಮೇಲೆ ನಿನ್ನನ್ನು ಪುಕ್ಕಲ ಅಂದೆ, ಆ ಶಬ್ದವನ್ನು ಎಲ್ಲಾದರೂ ಇಳಿಸಬೇಕಿತ್ತಲ್ಲ. ನೀನು ಸೈಕಲ್ಲಿನಲ್ಲಿ ಅಕ್ಕಿ ಕಟ್ಟಿಕೊಂಡು ಬಂದದ್ದನ್ನು ಪಕ್ಕದ ಅಂಗಡಿಯವರು ಇವತ್ತಿನವರೆಗೂ ನನಗೆ ಹೇಳಿಲ್ಲ. ನೀನು "ಮರೆತೆ" ಎಂದದ್ದನ್ನು ಅವರು ಮರ್ಯಾದೆಯಿಂದ ನಂಬಿದರು.

ಇದಕ್ಕೆ ಕ್ಷಮೆ ಕೇಳಲು ಕಾಗದ ಸಾಲದು. ಶುಕ್ರವಾರದಿಂದ ಊರಿಂದೂರಿಗೆ ಓಡಾಡಬಹುದು ಎಂದಿದ್ದಾರೆ. ಭಾನುವಾರ ಬರುತ್ತೇನೆ. ಬೆಳಿಗ್ಗೆ ಹೊರಟು ಹಕಾತಾದಲ್ಲಿ ಇಳಿದು ಗಾಡಿ ಬದಲಿಸಿದರೆ ಮಧ್ಯಾಹ್ನ ಮೂರಕ್ಕೆ ಅರಿತಾ. ಅಂದು ಸೂರ್ಯಗ್ರಹಣವಿದೆ, ಸಂಜೆ ಹಿಡಿಯುತ್ತದೆ. ಈ ವಿಷಯ ನಿನ್ನ ಅತ್ತಿಗೆಗೆ ಗೊತ್ತಿದೆ. ಪಂಚಾಂಗ ತೆಗೆದಳು, ನೋಡಿದಳು, ನನ್ನ ಮುಖ ನೋಡಿದಳು, ಮುಚ್ಚಿಟ್ಟು ಚಪಾತಿ ಹಿಟ್ಟು ಕಲಸಲು ಹೋದಳು. ಮೂವತ್ತು ವರ್ಷದ ಸಂಸಾರದಲ್ಲಿ ಇಂಥದ್ದನ್ನು ಕಂಡಿರಲಿಲ್ಲ.

ಸ್ಟೇಷನ್ನಿಗೆ ಬಾ, ಆದರೆ ನಡೆದು ಬರಬೇಡ, ಉಸಿರು ಕಟ್ಟೀತು. ಒಂಬತ್ತು ವರ್ಷವಾಗಿದೆ, ನನಗೆ ತಲೆ ಬೋಳಾಗಿದೆ, ಮೇಲೆ ಇಬ್ಬರ ಮುಖಕ್ಕೂ ಮಾಸ್ಕು. ಗುರುತು ಸಿಗದಿದ್ದರೆ ಎಂದು ಹೆದರಬೇಡ. ಇಳಿದ ಕೂಡಲೇ "ನಾಣೀ" ಎಂದು ಕೂಗುತ್ತೇನೆ. ಈ ದೇಶದ ಪ್ಲಾಟ್‌ಫಾರ್ಮಿನಲ್ಲಿ ಯಾರೂ ಕೂಗುವುದಿಲ್ಲ. ಕೂಗಿದವನು ನಿನ್ನ ಅಣ್ಣನೇ.

ಪದ್ಮನಾಭ